ಮೊಮ್ಮಗಳ ಒಣ ತೂಕ

ಬ್ಯಾಡಗಿ ಬಂತೆಂದು ಕಂಡಕ್ಟರ್ ಕೂಗುವ ಮೊದಲೇ ಬಸ್ಸಿನಲ್ಲಿದ್ದವರ ಮೂಗು ಹೇಳಿಬಿಡುತ್ತದೆ. ಜನವರಿಯಿಂದ ಮಾರ್ಚ್ ಮುಗಿಯುವವರೆಗೆ ಊರ ಗಾಳಿಯಲ್ಲೆಲ್ಲ ಮೆಣಸಿನಕಾಯಿಯ ಘಾಟು. ಮೊನ್ನೆ ರಾಣೆಬೆನ್ನೂರಿನಿಂದ ಮೊಮ್ಮಗಳು ಶ್ರಾವಣಿಯನ್ನು ಕರೆದುಕೊಂಡು ಬರುವಾಗಲೂ ಹಾಗೇ ಆಯಿತು. ಮುಂದಿನ ಸೀಟಿನ ಹೆಂಗಸು ಸೀನಿದಳು, ಅವಳ ಹಿಂದಿನವರು ಸೀನಿದರು, ಆಮೇಲೆ ಡ್ರೈವರನೂ ಬಿಡಲಿಲ್ಲ. ನಾನು ಸೀನಲಿಲ್ಲ. ಮೂವತ್ತನಾಲ್ಕು ವರ್ಷ ಇಲ್ಲಿನ ಮೆಣಸಿನಕಾಯಿ ಪೇಟೆಯಲ್ಲಿ ದುಡಿದವನ ಮೂಗು ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. ಒಂಬತ್ತು ವರ್ಷದ ಶ್ರಾವಣಿಯೂ ಮೂಗು ಬಿಗಿಹಿಡಿದು ಕೂತಿದ್ದಳು. "ನಾ ಬ್ಯಾಡಗಿಯಾಕಿ ಅಜ್ಜಾ" ಎಂದಳು. ಅವಳು ಇಲ್ಲಿ ಇದ್ದದ್ದು ಒಂದೇ ಒಂದು ಸುಗ್ಗಿ. ಆದರೂ ನಾನು ಆ ಮಾತನ್ನು ತಿದ್ದಲಿಲ್ಲ.

ನಾನು ದುಡಿಯುತ್ತಿದ್ದ ಹಳೆಯ ಅಂಗಡಿಯಲ್ಲಿ ಎಲ್ಲರನ್ನೂ ಮಾತಾಡಿಸಿ ಮುಗಿಸುವಷ್ಟರಲ್ಲಿ ಅವಳು ಚೀಲ ತೂಗುವ ಕಾಟಾದ ಮೇಲೆ ಹತ್ತಿ ನಿಂತಿದ್ದಳು.

"ಇಳಿ, ಇಳಿ" ಎಂದೆ. "ಈಗಷ್ಟ ಎರಡು ಗ್ಲಾಸು ಕಬ್ಬಿನ ಹಾಲು ಕುಡದೀದಿ. ಇದು ಹಸಿ ತೂಕ."

ಅಂಗಡಿಯ ಹೊಸ ಗುಮಾಸ್ತನಿಗೆ ಏನೂ ತಿಳಿಯಲಿಲ್ಲ. ಶ್ರಾವಣಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೆ ತಾನು ಇಲ್ಲಿದ್ದ ಆ ವರ್ಷದ್ದು ಏನೂ ನೆನಪಿಲ್ಲ, ಎಲ್ಲ ನಮ್ಮ ಬಾಯಿಂದ ಕೇಳಿದ್ದು. ನೆನಪಿರುವುದು ನನಗೆ. ಅದರಲ್ಲಿ ನನ್ನ ಮಾನ ಹೋದದ್ದೂ ಸೇರಿರುವುದರಿಂದ ಸ್ವಲ್ಪ ಚೆನ್ನಾಗಿಯೇ ನೆನಪಿದೆ.

ನನ್ನ ಹೆಸರು ಫಕ್ಕೀರಪ್ಪ. ಪೇಟೆಯಲ್ಲಿ ಹಾಗಂದರೆ ಯಾರೂ ತೋರಿಸುವುದಿಲ್ಲ, ಕಾಟಾ ಫಕ್ಕೀರಪ್ಪ ಅನ್ನಬೇಕು. ಒಣ ಮೆಣಸಿನಕಾಯಿಯ ಚೀಲ ತೂಗುವುದು ನನ್ನ ಕೆಲಸವಾಗಿತ್ತು. ಚೀಲವನ್ನು ಒಮ್ಮೆ ಎತ್ತಿ ಇಟ್ಟರೆ ನನ್ನ ಕೈ ತೂಕ ಹೇಳಿಬಿಡುತ್ತಿತ್ತು, ಯಂತ್ರ ಆಮೇಲೆ ಹೌದು ಅನ್ನುತ್ತಿತ್ತು. ಅದಕ್ಕಿಂತ ದೊಡ್ಡ ವಿದ್ಯೆ ಇನ್ನೊಂದಿತ್ತು. ಕೆಲವರು ತೂಕ ಬರಲೆಂದು ಕಾಯಿಗೆ ನೀರು ಚಿಮುಕಿಸಿ ತರುತ್ತಾರೆ. ಚೀಲದ ಬಾಯಿ ಬಿಚ್ಚಿ ಒಂದು ಮುಷ್ಟಿ ಅಮುಕಿದರೆ ನನಗೆ ಗೊತ್ತಾಗುತ್ತಿತ್ತು. ಚೆನ್ನಾಗಿ ಒಣಗಿದ ಕಾಯಿಯಲ್ಲಿ ಬೀಜ ಗಲಗಲ ಅನ್ನುತ್ತದೆ. ನೀರು ಕುಡಿದ ಕಾಯಿ ಸದ್ದಿಲ್ಲದೆ ಬಗ್ಗುತ್ತದೆ. "ಇದು ಹಸಿ ತೂಕ ಐತಿ, ಒಣಗಿಸಿಕೊಂಡು ಬಾ" ಎಂದು ಎಷ್ಟು ಚೀಲ ತಿರುಗಿಸಿ ಕಳಿಸಿದ್ದೇನೋ ಲೆಕ್ಕವಿಲ್ಲ. ಆ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚಿದವರು ಯಾರೂ ಇಲ್ಲ, ನನ್ನನ್ನು ಬಿಟ್ಟು.

ಆ ವರ್ಷ ಸಂಕ್ರಾಂತಿ ಮುಗಿದ ವಾರ ಮಗಳು ಮಂಜುಳಾ ಶ್ರಾವಣಿಯನ್ನು ಎತ್ತಿಕೊಂಡು ಬಂದಳು. ಹುಡುಗಿಗೆ ಆಗ ಮೂರೂವರೆ ವರ್ಷ. ಕೈಗೆ ಹಾಕಿದ ಬಳೆ ಮೊಳಕೈವರೆಗೆ ಜಾರುತ್ತಿದ್ದವು. ಸ್ವೆಟರ್ ತೆಗೆದರೆ ಎದೆಗೂಡು ಒಂದೊಂದಾಗಿ ಕಾಣುತ್ತಿತ್ತು. ಮುಖದಲ್ಲಿ ಕಣ್ಣೇ ಎಲ್ಲ ಜಾಗ ಹಿಡಿದುಕೊಂಡಿದ್ದವು.

ಮಂಜುಳಾ ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರ ಲ್ಯಾಬಿನಲ್ಲಿ ಟ್ರೇನಿಂಗಿಗೆ ಸೇರಿದ್ದಳು. ನೂರು ಬೀಜದಲ್ಲಿ ಎಷ್ಟು ಮೊಳಕೆ ಒಡೆಯುತ್ತವೆ ಎಂದು ನೋಡುವ ಕೆಲಸ. ಯುಗಾದಿ ಕಳೆದ ಮೇಲೆ ಖಾಯಂ ಮಾಡುತ್ತೇವೆ ಎಂದಿದ್ದರು. ಅಳಿಯ ಮಹೇಶನಿಗೆ ಕುಮಾರಪಟ್ಟಣದ ಕಡೆ ಶಿಫ್ಟಿನ ಕೆಲಸ. ಹಗಲು ಹುಡುಗಿಯನ್ನು ನೋಡಿಕೊಳ್ಳುತ್ತಿದ್ದವರು ಮಂಜುಳಾಳ ಅತ್ತೆ, ನಮ್ಮ ಬೀಗತಿ ಗಂಗವ್ವ. ಆಕೆ ಕೆಟ್ಟವರಲ್ಲ. ಆದರೆ ಒಂದು ತಟ್ಟೆ ಅನ್ನ ಹಿಡಿದು ದಿನಕ್ಕೆ ಮೂರು ಹೊತ್ತು ಮನೆಯ ತುಂಬ ಓಡಾಡಿ ಸೋತು ಹೋಗಿದ್ದರು.

"ಅತ್ತಿ ಹೇಳ್ಯಾರ ಅಪ್ಪಾ" ಎಂದಳು ಮಂಜುಳಾ. "ಯುಗಾದಿ ತನಕಾ ನೋಡ್ತಾರಂತ. ಕೂಸು ಹಿಂಗ ಕಡ್ಡಿ ಆಗಿದ್ರ ನೌಕರಿ ಬಿಟ್ಟು ಮನಿಯಾಗ ಕುಂದ್ರು ಅಂತಾರ. ಇವರೂ ಹೂಂ ಅಂದಾರ." ಮಗಳ ಬಳೆಯನ್ನು ಮುಂಗೈಗೆ ಎಳೆಯುತ್ತ ಮತ್ತೆ ಹೇಳಿದಳು. "ತಾಯಿ ಆಗಿ ನನಗೂ ಹಂಗ ಅನಸ್ತೈತಿ. ಆದ್ರ ಆ ಕೆಲಸ ನನಗ ಭಾಳ ಸೇರೈತಿ ಅಪ್ಪಾ."

ನಾನು ಶ್ರಾವಣಿಯನ್ನು ಎತ್ತಿಕೊಂಡೆ. ಕೈ ಹನ್ನೊಂದು ಕಿಲೋ ಅಂದಿತು. ಅಂಗಡಿಗೆ ಒಯ್ದು ಸ್ವೆಟರ್ ತೆಗೆದು ಬರಿಗಾಲಲ್ಲಿ ಕಾಟಾದ ಮೇಲೆ ನಿಲ್ಲಿಸಿದರೆ ಸರಿಯಾಗಿ ಹನ್ನೊಂದು.

"ಬಿಟ್ಟು ಹೋಗು" ಎಂದೆ ಮಗಳಿಗೆ. "ಯುಗಾದಿಗೆ ಮೈ ತುಂಬಿಸಿ ಕೈಯಾಗ ಕೊಡ್ತೇನಿ. ಇದು ಕಾಟಾ ಫಕ್ಕೀರಪ್ಪನ ಮಾತು."

ಮಾತು ಕೊಡುವುದು ಸುಲಭ. ತುತ್ತು ಬಾಯಿಗಿಡುವುದು ಎಷ್ಟು ಕಷ್ಟ ಎಂದು ಅದೇ ಮಧ್ಯಾಹ್ನ ಗೊತ್ತಾಯಿತು. ಹುಡುಗಿಗೆ ಬೇಕಾದದ್ದು ಬಿಸ್ಕೀಟು, ಹಾಲು, ಮನಸ್ಸಾದರೆ ಅರ್ಧ ಬಾಳೆಹಣ್ಣು. ಅನ್ನ ಬಾಯಿಗೆ ಹೋದರೂ ಗಂಟಲಿಗೆ ಇಳಿಯುತ್ತಿರಲಿಲ್ಲ. ಅರ್ಧ ಗಂಟೆ ಕೆನ್ನೆಯಲ್ಲೇ ಇಟ್ಟುಕೊಂಡು ಮೊಬೈಲಿನಲ್ಲಿ ಕುಣಿಯುವ ಬೊಂಬೆ ನೋಡುತ್ತಿದ್ದಳು. ನನ್ನ ಹೆಂಡತಿ ನೀಲವ್ವ ಒಂದು ತುತ್ತಿಗೆ ಒಂದು ಕಥೆ, ಎರಡು ಸುಳ್ಳು, ಒಂದು ಹೆದರಿಕೆ ಖರ್ಚು ಮಾಡುತ್ತಿದ್ದಳು. ಗುಮ್ಮ, ಪೊಲೀಸ, ಸೂಜಿ ಚುಚ್ಚುವ ಡಾಕ್ಟರು, ಎಲ್ಲರೂ ಊಟದ ಹೊತ್ತಿಗೆ ನಮ್ಮ ಮನೆಗೆ ಬಂದು ಹೋಗುತ್ತಿದ್ದರು. ಹುಡುಗಿ ಯಾರಿಗೂ ಜಗ್ಗಲಿಲ್ಲ.

ಆಗ ನನಗೆ ಹೊಳೆಯಿತು. ಹಾಲು ಕುಡಿಯುತ್ತಾಳಲ್ಲ, ಅದನ್ನೇ ಕೊಟ್ಟರಾಯಿತು! ಹಿಂದಿನ ಓಣಿಯಲ್ಲಿ ಎಮ್ಮೆ ಕಟ್ಟಿದವರಿದ್ದರು. ಮುಂಜಾನೆ ಎದ್ದ ಕೂಡಲೇ ಒಂದು ಗ್ಲಾಸು, ಒಂಬತ್ತಕ್ಕೆ ಒಂದು, ಊಟದ ಹೊತ್ತಿಗೆ ಊಟದ ಬದಲು ಒಂದು, ಹೀಗೆ ದಿನಕ್ಕೆ ಆರು ಗ್ಲಾಸು. ಅದರಲ್ಲಿ ಎರಡೆರಡು ಚಮಚೆ ಸಕ್ಕರೆ, ಶಕ್ತಿ ಬರುತ್ತದೆ ಎಂದು ಮಾರುವ ಡಬ್ಬಿಯ ಪುಡಿ. ಉಳಿದಂತೆ ಕೊಟ್ಟದ್ದೆಲ್ಲ ಬೆಳ್ಳಗಿನದು. ಹಾಲು ಅನ್ನ, ಮೊಸರನ್ನ, ಮಂಡಕ್ಕಿ. ಮಗುವಿಗೆ ಖಾರ ತಾಗಬಾರದು ಎಂದು ನಾವಿಬ್ಬರೂ ಗಟ್ಟಿಯಾಗಿ ನಿರ್ಧರಿಸಿದ್ದೆವು.

ದಿನಾ ಹತ್ತು ಗಂಟೆಗೆ ಹುಡುಗಿಯನ್ನು ಅಂಗಡಿಗೆ ಕರೆದೊಯ್ದು ಕಾಟಾದ ಮೇಲೆ ನಿಲ್ಲಿಸುವುದು ನನ್ನ ವ್ರತವಾಯಿತು. ಎರಡನೇ ಗ್ಲಾಸು ಹೊಟ್ಟೆಗೆ ಬಿದ್ದು ಒಂದು ಗಂಟೆಯಷ್ಟೇ ಆಗಿರುತ್ತಿತ್ತು. ಚಳಿ ಎಂದು ಸ್ವೆಟರ್ ಇರುತ್ತಿತ್ತು, ಕಾಲಲ್ಲಿ ಬೂಟು, ನೀಲವ್ವ ಹಾಕಿದ ದಪ್ಪ ಕಾಲುಗೆಜ್ಜೆ. ಹನ್ನೊಂದೂ ಇನ್ನೂರು, ಹನ್ನೊಂದೂ ನಾನೂರು. ಹತ್ತನೇ ದಿನ ಹನ್ನೊಂದೂ ಆರುನೂರು! ಅಂಗಡಿಯವರಿಗೆಲ್ಲ ಪೇಡೆ ಹಂಚಿದೆ. ಅಲ್ಲೇ ನಿಂತು ಮಂಜುಳಾಗೆ ಫೋನು ಹಚ್ಚಿದೆ. ಆ ಕಡೆ ಅವಳು ಅತ್ತಳು. ಸಂಜೆಗೆ ಗಂಗವ್ವನಿಗೂ ಸುದ್ದಿ ಮುಟ್ಟಿತು. ನಾನು ಮೀಸೆ ತಿರುವಿದೆ.

ನಡುವೆ ಒಂದು ಬೆಳಗ್ಗೆ ಅವಳನ್ನು ಹಾಸಿಗೆಯಿಂದ ಎತ್ತಿದಾಗ ಕೈ ಹನ್ನೊಂದು ಅಂದಿತ್ತು. ಹನ್ನೊಂದಕ್ಕೂ ಒಂದು ಗುಂಜಿ ಕಡಿಮೆಯೇ ಇರಬಹುದು ಅಂದಿತ್ತು. ಕೈಗೆ ವಯಸ್ಸಾಯಿತು ಎಂದುಕೊಂಡು ಸುಮ್ಮನಾದೆ. ಆ ಒಂದು ಬೆಳಗ್ಗೆ ನನ್ನ ಕೈಯ ಮಾತು ಕೇಳಿದ್ದರೆ ಮುಂದಿನದ್ದೆಲ್ಲ ತಪ್ಪುತ್ತಿತ್ತು.

ಫೆಬ್ರುವರಿ ಮೊದಲ ವಾರ ನಮ್ಮ ಓಣಿಯ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದಿನ. ಟೀಚರ್ ರತ್ನಾ, "ಕಾಕಾ, ಲಗೂನ ಕರಕೊಂಡು ಬರ್ರಿ, ಏನೂ ಕುಡಿಸಬ್ಯಾಡ್ರಿ" ಎಂದು ಹಿಂದಿನ ದಿನವೇ ಹೇಳಿದ್ದಳು. ಸ್ವೆಟರ್ ತೆಗೆಸಿದಳು, ಬೂಟು ತೆಗೆಸಿದಳು, ಕಾಲುಗೆಜ್ಜೆಯನ್ನೂ ಬಿಡಲಿಲ್ಲ. ಯಂತ್ರದಲ್ಲಿ ಹತ್ತು ಕಿಲೋ ಒಂಬೈನೂರು ಗ್ರಾಂ ಬಂತು.

"ನಿಮ್ಮ ಕಾಟಾ ಕೆಟ್ಟೈತಿ" ಎಂದೆ.

"ಇರ್ಲಿ ಕಾಕಾ. ನಿಮ್ಮ ಕಾಟಾದ ಮ್ಯಾಲ ಹಿಂಗ ನಿಲ್ಲಿಸಿ ನೋಡ್ರಿ."

ಹುಡುಗಿಯನ್ನು ಹಾಗೇ ಶಾಲಿನಲ್ಲಿ ಸುತ್ತಿ ಅಂಗಡಿಗೆ ಓಡಿದೆ. ಶಾಲು ತೆಗೆದು ನಿಲ್ಲಿಸಿದೆ. ಹತ್ತೂ ಒಂಬೈನೂರು. ಹದಿನೈದು ದಿನ ಎಮ್ಮೆ ಹಾಲು ಹೊಯ್ದು, ಹುಡುಗಿ ನೂರು ಗ್ರಾಂ ಕಡಿಮೆಯಾಗಿದ್ದಳು. ನಾನು ತೂಗಿದ್ದು ಹಾಲನ್ನು, ಬೂಟನ್ನು, ಬೆಳ್ಳಿಯನ್ನು. ಊರವರ ಚೀಲದಲ್ಲಿ ನೀರು ಹಿಡಿದವನು ಸ್ವಂತ ಮೊಮ್ಮಗಳಿಗೆ ನೀರು ಚಿಮುಕಿಸಿ ತೂಗಿ ಪೇಡೆ ಹಂಚಿದ್ದೆ. ಅಂಗಡಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಅಂಗನವಾಡಿಗೆ ತಿರುಗಿ ಬಂದಾಗ ರತ್ನಾ ಹುಡುಗಿಯ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದಳು. ಒಳಗೆ ಕೆಂಪಿರಬೇಕಾದ ಕಡೆ ಬಿಳಿಚಿಕೊಂಡಿತ್ತು. ಅಂದೇ ಸರಕಾರಿ ದವಾಖಾನೆಗೆ ಕಳಿಸಿದಳು. ಅಲ್ಲಿನ ಡಾಕ್ಟರ್ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಖಡಕ್ಕು. ರಕ್ತ ಪರೀಕ್ಷೆ ಮಾಡಿಸಿ ಚೀಟಿ ನೋಡಿ ಕೇಳಿದರು.

"ಹಾಲು ಎಷ್ಟು ಕೊಡ್ತೀರಿ?"

"ಆರು ಗ್ಲಾಸ್ರಿ. ಎಮ್ಮಿ ಹಾಲು." ಅಷ್ಟು ಹೊತ್ತಿಗೂ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆ ಉಳಿದಿತ್ತು.

"ಅದಕ್ಕ ಆಕಿ ಉಣ್ಣವಲ್ಲಳು. ಇಷ್ಟ ಹೊಟ್ಟಿ ಅದ" ಎಂದು ಅವರು ಹುಡುಗಿಯ ಮುಷ್ಟಿಯನ್ನು ಹಿಡಿದು ತೋರಿಸಿದರು. "ಅದನ್ನ ಹಾಲಿನಿಂದ ತುಂಬಿಸಿದ್ರ ರೊಟ್ಟಿಗೆ ಜಾಗಾ ಎಲ್ಲಿ ಬರ್ತದ? ಹಾಲು ಕೆಟ್ಟದ್ದಲ್ರಿ ಅಜ್ಜಾರ. ಆದ್ರ ಹಾಲಿನಾಗ ರಕ್ತ ಆಗೂ ಕಬ್ಬಿಣ ಇರೂದಿಲ್ಲ. ರಕ್ತ ಕಡಿಮಿ ಆದ್ರ ಹಸಿವೂ ಕಡಿಮಿ ಆಗ್ತದ."

ದಿನಕ್ಕೆ ಎರಡೇ ಸಣ್ಣ ಗ್ಲಾಸು ಹಾಲು, ಅದೂ ಊಟವಾದ ಮೇಲೆ ಎಂದರು. ಕಬ್ಬಿಣದ ಟಾನಿಕ್ಕು, ಜಂತಿನ ಗುಳಿಗೆ ಬರೆದರು. ಮೂರು ಊಟ, ನಡುವೆ ಎರಡು ಸಲ ತಿಂಡಿ, ಎಲ್ಲ ಹೊತ್ತಿಗೆ ಸರಿಯಾಗಿ. ಉಳಿದ ಹೊತ್ತಿನಲ್ಲಿ ಬಾಯಾಡಿಸಲು ಏನೂ ಇಲ್ಲ, ನೀರು ಮಾತ್ರ. ಮೊಬೈಲು ಬಂದ್. ಬಾಯಿಗೆ ತುರುಕುವುದು ಬಂದ್. "ಏನು ಕೊಡಬೇಕು, ಯಾವಾಗ ಕೊಡಬೇಕು, ಅದು ನಿಮ್ಮ ಕೆಲಸ. ಎಷ್ಟು ತಿನ್ನಬೇಕು, ಅದು ಆಕಿ ಕೆಲಸ. ಆಕಿ ಕೆಲಸಾ ನೀವು ಮಾಡಾಕ ಹೋಗಬ್ಯಾಡ್ರಿ" ಎಂದರು. ತೂಕ ತಿಂಗಳಿಗೊಮ್ಮೆ ಮಾತ್ರ. ದಿನಾ ತೂಗುತ್ತೇನೆ ಎಂದು ನಾನು ಹೇಳಿರಲಿಲ್ಲ, ರತ್ನಾ ಚೀಟಿಯಲ್ಲಿ ಬರೆದು ಕಳಿಸಿದ್ದಳು.

ಮುಂದಿನ ಭಾನುವಾರ ಮಂಜುಳಾ ಬಂದಳು. ಕೈಯಲ್ಲೊಂದು ಹೊಸ ಫ್ರಾಕು. ಹುಡುಗಿ ಮೈ ಹಿಡಿದಿದ್ದಾಳೆ ಎಂದು ನಾನು ಹೇಳಿದ್ದನ್ನು ನಂಬಿ ಒಂದು ಅಳತೆ ದೊಡ್ಡದನ್ನು ತಂದಿದ್ದಳು. ತೊಡಿಸಿದರೆ ಅದು ಶ್ರಾವಣಿಯ ಹೆಗಲಿನಿಂದ ಜಾರಿ ಮೊಳಕೈಗೆ ಬಂತು. ಮಂಜುಳಾ ಮತ್ತೆ ಎಳೆದು ಸರಿ ಮಾಡಿದಳು. ಮತ್ತೆ ಜಾರಿತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

ಪೇಟೆಯಲ್ಲಿ ದುಡಿದ ಅಷ್ಟೂ ವರ್ಷದಲ್ಲಿ ನಾನು ಯಾರ ಮುಂದೆಯೂ ತಲೆ ತಗ್ಗಿಸಿರಲಿಲ್ಲ. ಅವತ್ತು ತಗ್ಗಿಸಿದೆ. "ನಾ ತೂಗಿದ್ದು ತಪ್ಪಿತ್ತವ್ವಾ" ಎಂದೆ. "ಹಸಿ ತೂಕ ಹೇಳೇನಿ ನಿನಗ. ಕೂಸು ಬಂದಾಗ ಎಷ್ಟಿತ್ತೋ ಈಗ ಅದಕ್ಕಿಂತಾ ಕಡಿಮಿ ಐತಿ."

ಅವಳು ಫ್ರಾಕನ್ನು ಬಿಚ್ಚಿ ಮಡಚಿ ಚೀಲದಲ್ಲಿಟ್ಟಳು. "ನಾಳೆ ಕಂಪನಿಗೆ ಹೋಗಿ, ನಾ ಇನ್ನ ಕೆಲಸಕ್ಕ ಬರೂದಿಲ್ಲ ಅಂತ ಹೇಳಿ ಬರ್ತೇನಿ" ಎಂದಳು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ತಣ್ಣನೆಯ ದನಿಯನ್ನು ತಡೆದುಕೊಳ್ಳಲಾಗಲಿಲ್ಲ.

ನೀಲವ್ವ ಅಡುಗೆಮನೆಯಿಂದ ಬಂದವಳೇ ನಡುವೆ ಕೂತಳು. "ಹಾಲು ಕಾಸಿ ಕೊಟ್ಟಾಕಿ ನಾನು. ಬೈಯೂದಿದ್ರ ಇಬ್ರಿಗೂ ಬೈ. ಆದ್ರ ನೌಕರಿ ಬಿಡೂ ಮಾತು ಯುಗಾದಿಗೆ ಆಡು. ಇವತ್ತ ಯಾಕ ಆಡ್ತೀದಿ? ಈಗ ಖರೇ ದಾರಿ ಗೊತ್ತಾಗೈತಿ."

ಮಂಜುಳಾ ಮಗಳ ತಲೆ ನೇವರಿಸುತ್ತ ಕೂತಿದ್ದಳು. ಕೊನೆಗೆ ನನ್ನ ಕಡೆ ನೋಡದೆಯೇ ಹೇಳಿದಳು. "ಲ್ಯಾಬಿನಾಗ ಬೀಜಾ ಹಸಿ ಕಾಗದದಾಗ ಸುತ್ತಿ ಇಡ್ತೇವಿ ಅಪ್ಪಾ. ನೀರು ಹೆಚ್ಚಾದ್ರ ಕೊಳಿತಾವ. ಮತ್ತ ದಿನಾ ಬಿಚ್ಚಿ ನೋಡೂದಿಲ್ಲ, ನೋಡೂ ದಿನಾ ಅಂತ ಒಂದು ಇರ್ತೈತಿ. ನೀ ಇನ್ನ ಆ ಕಾಟಾದ ಮ್ಯಾಲ ಈಕಿನ್ನ ನಿಲ್ಲಸಬ್ಯಾಡ." ಇಷ್ಟು ಹೇಳಿ ಸಂಜೆ ಬಸ್ಸಿಗೆ ಹೋದಳು. ಫ್ರಾಕನ್ನು ಮಾತ್ರ ಬಿಟ್ಟು ಹೋಗಿದ್ದಳು. ಅದನ್ನು ನೋಡಿ ನನಗೆ ಮತ್ತೆ ಧೈರ್ಯ ಬಂತು.

ಹಾಲು ಕಡಿಮೆ ಮಾಡಿದ ಮೊದಲ ಎರಡು ದಿನ ಮನೆ ರಣರಂಗ. ಹುಡುಗಿ ಅತ್ತಳು, ನೆಲಕ್ಕೆ ಬಿದ್ದಳು, ತಟ್ಟೆ ದೂಡಿದಳು. ಮೂರನೇ ದಿನ ಸುಮ್ಮನಾದಳು ನೋಡು ಎಂದುಕೊಂಡರೆ, ಅವಳ ಮೇಲ್ದುಟಿಯ ಮೇಲೆ ಬಿಳಿ ಮೀಸೆ! ನೀಲವ್ವ ಹಿತ್ತಲಲ್ಲಿ ಕದ್ದು ಕುಡಿಸಿದ್ದಳು. "ಅಳೂದು ನೋಡಾಕ ಆಗ್ಲಿಲ್ರಿ" ಎಂದಳು. ಬೈಯುವ ಮುಖ ನನಗೆಲ್ಲಿತ್ತು? ಅವತ್ತಿನಿಂದ ಹುಡುಗಿಯನ್ನು ನನ್ನ ಜೊತೆಗೇ ಅಂಗಡಿಗೆ ಕರೆದೊಯ್ಯತೊಡಗಿದೆ. ತೂಗುವ ಚೀಲ ಇಲ್ಲದ ಹೊತ್ತಿನಲ್ಲಿ ಕಾಟಾಕ್ಕೆ ಗೋಣಿತಟ್ಟು ಹೊದಿಸಿ, ಅವಳನ್ನು ಘಾಟಿನಿಂದ ದೂರ, ಮುಂದಿನ ಬೇವಿನ ಮರದ ಕೆಳಗೆ ಆಡಲು ಬಿಡುತ್ತಿದ್ದೆ.

ಆ ಬೇವಿನ ಮರದ ಕೆಳಗೇ ನಮ್ಮ ಭಾಗ್ಯ ಕೂತಿತ್ತು. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಆರು ಜನ ಹೆಂಗಸರು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಮಧ್ಯಾಹ್ನ ಒಂದಕ್ಕೆ ಅವರು ಹೊರಗೆ ಬಂದು, ಕೈಗೆ ಎಣ್ಣೆ ಸವರಿ, ಸೋಪಿನಿಂದ ಎರಡು ಸಲ ತೊಳೆದು, ಮರದ ನೆರಳಲ್ಲಿ ದುಂಡಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಅವರಲ್ಲಿ ಹಿರಿಯಳು ದ್ಯಾಮವ್ವ. ಗಟ್ಟಿ ದನಿ, ಗಟ್ಟಿ ಕೈ. ಆ ಪಂಕ್ತಿಯಲ್ಲಿ ಒಂದು ಪದ್ಧತಿ ಇತ್ತು. ಯಾರೂ ತಮ್ಮ ಪಲ್ಲೆಯನ್ನು ತಾವೊಬ್ಬರೇ ಉಣ್ಣುವುದಿಲ್ಲ. ಪ್ರತಿಯೊಬ್ಬಳೂ ತಾನು ತಂದದ್ದನ್ನು ಉಳಿದ ಐವರ ರೊಟ್ಟಿಯ ಮೇಲೆ ಸ್ವಲ್ಪ ಸ್ವಲ್ಪ ಇಟ್ಟು ಬರಬೇಕು, ಅವರು ಇವಳ ರೊಟ್ಟಿಯ ಮೇಲೆ ಇಡಬೇಕು. ಕೊಡದೆ ಇಸಕೊಳ್ಳುವಂತಿಲ್ಲ. ಇಸಕೊಂಡು ಬಿಡುವಂತಿಲ್ಲ.

ಶ್ರಾವಣಿ ಮೊದಲ ದಿನ ದೂರದಿಂದ ನೋಡಿದಳು. ಎರಡನೇ ದಿನ ಅವರ ಜೊತೆ ಕೈ ತೊಳೆದಳು. ಮೂರನೇ ದಿನ ದ್ಯಾಮವ್ವನ ಪಕ್ಕ ಹೋಗಿ ಕೂತೇಬಿಟ್ಟಳು. ಯಾರೂ ಅವಳನ್ನು ಮುದ್ದು ಮಾಡಲಿಲ್ಲ, ತಿನ್ನು ಅನ್ನಲಿಲ್ಲ. ಹುಟ್ಟಿದಾಗಿನಿಂದ ಅವಳ ಹತ್ತಿರ ಯಾರಾದರೂ ತಟ್ಟೆ ತಂದರೆ ಬೆನ್ನು ಹತ್ತುತ್ತಾರೆ ಎಂದೇ ಅವಳಿಗೆ ಗೊತ್ತಿದ್ದದ್ದು. ಇಲ್ಲಿ ಆರು ಜನ ತಮ್ಮ ಪಾಡಿಗೆ ತಾವು ಉಣ್ಣುತ್ತಿದ್ದರು. ಕೊನೆಗೆ ಅವಳೇ ಹೆಸರುಕಾಳಿನ ಪಲ್ಲೆಯ ಕಡೆ ಬೆರಳು ತೋರಿಸಿದಳು.

"ರೊಟ್ಟಿ ತಂದೀದೇನು?" ಎಂದಳು ದ್ಯಾಮವ್ವ.

ಶ್ರಾವಣಿ ಇಲ್ಲ ಎಂದು ತಲೆಯಾಡಿಸಿದಳು.

"ಮತ್ತ ಪಲ್ಲೆ ಎದರ ಮ್ಯಾಲ ಹಾಕ್ಲಿ? ಮುಂದ ಏನು ಕೊಡ್ತೀದಿ ನಮಗ? ನಾಳೆ ತಗೊಂಡು ಬಾ. ಆಗ ಹಾಕ್ತೇನಿ."

ನನಗೆ ಸಿಟ್ಟು ಬಂತು. ಕೂಸು ಬಾಯಿಬಿಟ್ಟು ಕೇಳಿದೆ, ಈ ಹೆಂಗಸು ಇಲ್ಲ ಅನ್ನುತ್ತಿದ್ದಾಳಲ್ಲ! ಆದರೆ ಮನೆಗೆ ಹೋದ ಕೂಡಲೇ ಶ್ರಾವಣಿ ನೀಲವ್ವನ ಸೆರಗು ಜಗ್ಗಿದಳು. "ಆಯಿ, ನನಗ ರೊಟ್ಟಿ ಬೇಕು. ಬುತ್ತಿ ಕಟ್ಟು." ಅಜ್ಜಿಯನ್ನು ಅವಳು ಆಯಿ ಅನ್ನುತ್ತಾಳೆ. ಆಯಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು. ಅದು ಹುಡುಗಿ ಕೇಳಿದ ಮೊದಲ ಊಟ.

ಮರುದಿನ ಅಂಗೈ ಅಗಲದ ಎರಡು ಜೋಳದ ರೊಟ್ಟಿ, ಮೇಲೆ ತುಪ್ಪ, ಸಣ್ಣ ಡಬ್ಬಿಯಲ್ಲಿ ಶೇಂಗಾ ಚಟ್ನಿ. ಶ್ರಾವಣಿ ಡಬ್ಬಿ ಹಿಡಿದು ಆರು ಜನರ ಸುತ್ತ ತಿರುಗಿ, ಒಬ್ಬೊಬ್ಬರ ರೊಟ್ಟಿಯ ಮೇಲೆ ಒಂದೊಂದು ಚಿಟಿಕೆ ಇಟ್ಟಳು. ಅವರೂ ಒಬ್ಬೊಬ್ಬರಾಗಿ ಅವಳ ರೊಟ್ಟಿಯ ಮೇಲೆ ಇಟ್ಟರು. ಪುಂಡಿಪಲ್ಲೆ, ಹೆಸರುಕಾಳು, ಮೆಂತ್ಯದ ಸೊಪ್ಪು ಹಾಕಿದ ಬೇಳೆ, ಎಣ್ಣೆಗಾಯಿಯ ಒಂದು ಎಸಳು, ಗಟ್ಟಿ ಮೊಸರು. ದ್ಯಾಮವ್ವ ಬೇಯಿಸಿ ಮೆಣಸಿನಪುಡಿ ಸವರಿದ ತತ್ತಿಯಲ್ಲಿ ಕಾಲು ಭಾಗ ಮುರಿದಿಟ್ಟಳು. ನಾನು ಓಡಿ ಬಂದೆ.

"ಏ ದ್ಯಾಮವ್ವಾ, ಅದು ಕೆಂಪಗ ಐತಿ! ಖಾರ ಆಕೈತಿ ಕೂಸಿಗೆ!"

"ಅಣ್ಣಾ" ಎಂದಳು ದ್ಯಾಮವ್ವ ತಲೆ ಎತ್ತದೆ. "ದಿನಾ ಬರೂ ಗಿರಾಕಿಗೆಲ್ಲ, ನಮ್ಮ ಕಾಯಿ ಬಣ್ಣಕ್ಕರಿ, ಖಾರಕ್ಕಲ್ಲ ಅಂತ ಹೇಳಾವ್ರು ಯಾರು?"

ಅದು ನಾನೇ. ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ.

"ನಿಮ್ಮ ಕೆಲಸಾ ಕಾಟಾದ ಹತ್ರ ಐತಿ. ಹೋಗ್ರಿ."

ಹೋದೆ. ಬಾಗಿಲ ಸಂದಿಯಿಂದ ನೋಡಿದೆ. ಹುಡುಗಿ ಮೊದಲು ಪುಂಡಿಪಲ್ಲೆಗೆ ನಾಲಿಗೆ ತಾಗಿಸಿ ಮುಖ ಹುಳ್ಳಗೆ ಮಾಡಿದಳು. ಸುತ್ತ ನೋಡಿದಳು, ಯಾರೂ ಅವಳನ್ನು ನೋಡುತ್ತಿರಲಿಲ್ಲ. ಮತ್ತೊಮ್ಮೆ ತಾಗಿಸಿದಳು. ಅಗಿದಳು. ನುಂಗಿದಳು. ಅರ್ಧ ರೊಟ್ಟಿ ಹೋಯಿತು. ಕೆನ್ನೆಯಲ್ಲಿ ಏನೂ ಉಳಿಯಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡೆ. ಘಾಟಿನಿಂದ ಬಂದ ನೀರಲ್ಲ ಅದು.

ಅಲ್ಲಿಂದ ದಾರಿ ಸಿಕ್ಕಿತು. ಮನೆಯಲ್ಲೂ ಮೂವರೂ ನೆಲದ ಮೇಲೆ ದುಂಡಗೆ ಕೂತೆವು. ಅವಳ ತಟ್ಟೆಯಿಂದ ನಮಗೆ ಒಂದು ಚಿಟಿಕೆ, ನಮ್ಮಿಂದ ಅವಳಿಗೆ ಒಂದು ತುತ್ತು. ಮುಂಜಾನೆ ಉಪ್ಪಿಟ್ಟಿನಲ್ಲಿ ಶೇಂಗಾ, ನಾಲ್ಕು ಗಂಟೆಗೆ ಶೇಂಗಾ ಉಂಡಿ ಅಥವಾ ಬಾಳೆಹಣ್ಣು, ಸಂಜೆ ತುಪ್ಪ ಹಾಕಿದ ಬೇಳೆ ಅನ್ನ. ಟಾನಿಕ್ಕನ್ನು ಹಾಲಿನ ಜೊತೆ ಕೊಡದೆ ನಿಂಬೆ ಶರಬತ್ತಿನ ಹಿಂದೆ ಕೊಟ್ಟೆವು. ಅದರಿಂದ ಕಕ್ಕಸು ಕಪ್ಪಗಾದಾಗ ನೀಲವ್ವ ದವಾಖಾನೆಗೆ ಓಡಿ ಬೈಸಿಕೊಂಡು ಬಂದಳು. ಮೊಬೈಲು ಊಟದ ಹೊತ್ತಿಗೆ ಜೋಳದ ಡಬ್ಬಿಯೊಳಗೆ ಮಲಗುತ್ತಿತ್ತು. ಕೆಲವು ದಿನ ಹುಡುಗಿ ಎರಡು ರೊಟ್ಟಿ ತಿಂದರೆ ಕೆಲವು ದಿನ ಎರಡು ತುತ್ತು. ಅವಳ ಕೆಲಸ ಅವಳದು ಎಂದು ನಾನು ತುಟಿ ಕಚ್ಚಿಕೊಂಡಿರುತ್ತಿದ್ದೆ. ಫೆಬ್ರುವರಿ ಕೊನೆಗೆ ಜ್ವರ ಬಂದು ನಾಲ್ಕು ದಿನ ಗಂಜಿಯಲ್ಲೇ ಕಳೆದಳು. ಆ ನಾಲ್ಕು ದಿನ ಗೋಣಿತಟ್ಟಿನ ಕೆಳಗಿನ ಕಾಟಾ ನನ್ನನ್ನು ಕೈಬೀಸಿ ಕರೆಯಿತು. ನಾನು ಆ ಕಡೆ ಬೆನ್ನು ಮಾಡಿ ನಿಂತೆ.

ಮಾರ್ಚ್ ಮೊದಲ ವಾರ ರತ್ನಾಳ ಯಂತ್ರ ಹನ್ನೊಂದೂ ಇನ್ನೂರು ತೋರಿಸಿತು. ಖಾಲಿ ಹೊಟ್ಟೆ, ಬರಿಗಾಲು. ಮುನ್ನೂರು ಗ್ರಾಂ ಒಣ ತೂಕ! ಬೇವಿನ ಮರದ ಕೆಳಗೆ ಸುದ್ದಿ ಹೇಳಿದ್ದೇ ತಡ, ಪಾಲುದಾರರು ಹುಟ್ಟಿಕೊಂಡರು. "ಅದರಾಗ ನೂರು ಗ್ರಾಂ ನನ್ನ ಪುಂಡಿಪಲ್ಲೇದು" ಎಂದಳೊಬ್ಬಳು. "ನನ್ನ ತತ್ತಿ ಮರೀಬ್ಯಾಡ್ರಿ" ಎಂದಳು ದ್ಯಾಮವ್ವ. ಒಂದು ಶನಿವಾರ ಕದರಮಂಡಲಗಿಯ ಗುಡಿಗೆ ಹೋಗಿ ಬಂದಿದ್ದ ನೀಲವ್ವ, "ಐವತ್ತು ಗ್ರಾಂ ಹನುಮಪ್ಪಂದು" ಎಂದಳು. ಕೂಡಿಸಿ ನೋಡಿದರೆ ಹುಡುಗಿಯ ಮೈಯಲ್ಲಿ ನನ್ನದೆಂಬುದು ಒಂದು ಗ್ರಾಮೂ ಉಳಿಯಲಿಲ್ಲ. ನನಗೆ ಅದರಿಂದ ಏನೂ ಬೇಸರವಾಗಲಿಲ್ಲ.

ಯುಗಾದಿಯ ಎರಡು ದಿನ ಮೊದಲು ಕೊನೆಯ ತೂಕ. ರತ್ನಾ ನಿಲ್ಲಿಸುವ ಮೊದಲು ನಾನೇ ಶ್ರಾವಣಿಯನ್ನು ಎತ್ತಿದೆ. "ಹನ್ನೊಂದೂ ಏಳುನೂರು" ಎಂದೆ. ಯಂತ್ರವೂ ಅದನ್ನೇ ಹೇಳಿತು. ನನ್ನ ಕೈಗೆ ವಯಸ್ಸಾಗಿರಲಿಲ್ಲ. ರತ್ನಾ ಹುಡುಗಿಯ ತೂಕದ ಕಾರ್ಡಿನಲ್ಲಿ ಚುಕ್ಕೆ ಇಟ್ಟು ಗೆರೆ ಎಳೆದಳು. ಗೆರೆ ಮೇಲಕ್ಕೆ ಹತ್ತಿತ್ತು. ಆದರೆ ವಯಸ್ಸಿಗೆ ತಕ್ಕ ತೂಕದ ಹಸಿರು ಪಟ್ಟಿಗೆ ಇನ್ನೂ ಒಂದು ಕೂದಲೆಳೆ ಕೆಳಗಿತ್ತು.

"ಗೆರಿ ಏರಾಕತ್ತೈತಿ ಕಾಕಾ, ಅದು ಮುಖ್ಯ" ಎಂದಳು ರತ್ನಾ. ನನಗದು ಗೊತ್ತಿತ್ತು. ಗಂಗವ್ವನಿಗೆ ಗೆರೆ ತೋರಿಸಿ ಒಪ್ಪಿಸುವುದು ಹೇಗೆ ಎಂದು ಗೊತ್ತಿರಲಿಲ್ಲ. ಮೈ ತುಂಬಿಸಿ ಕೊಡುತ್ತೇನೆ ಎಂದಿದ್ದೆ. ಕೆನ್ನೆ ಸ್ವಲ್ಪ ದುಂಡಗಾಗಿದ್ದವು, ಅಷ್ಟೆ. ನೋಡಿದವರು ಇನ್ನೂ ಸಣಕಲಿ ಎಂದೇ ಅನ್ನುತ್ತಿದ್ದರು.

ಯುಗಾದಿಯ ದಿನ ಮೂವರೂ ಬಂದರು, ಮಂಜುಳಾ, ಮಹೇಶ, ಗಂಗವ್ವ. ಮಂಜುಳಾ ಬಾಗಿಲಲ್ಲೇ ಮಗಳನ್ನು ಎತ್ತಿ ಕಣ್ಣು ಮುಚ್ಚಿ ನಿಂತಳು. ಅವಳೂ ತೂಗುತ್ತಿದ್ದಳೇನೋ. ಗಂಗವ್ವ ಶ್ರಾವಣಿಯ ರಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಎಲ್ಲಿ ಬಂದೈತಿ ಬೀಗರ, ಹಂಗ ಐತಲ್ಲ ಕೂಸು" ಎಂದರು. ನಾನು ಕಾರ್ಡು ತೆಗೆಯಲು ಜೇಬಿಗೆ ಕೈ ಹಾಕಿದೆ. "ಆಮ್ಯಾಲ ತೋರಸ್ರಿ, ಮೊದಲ ಉಣ್ರಿ" ಎಂದು ನೀಲವ್ವ ಎಲ್ಲರನ್ನೂ ಕೂರಿಸಿದಳು.

ಬೇವು ಬೆಲ್ಲ ಆಯಿತು, ಹೋಳಿಗೆ ಬಡಿಸಿದ್ದಾಯಿತು. ಗಂಗವ್ವ ರೂಢಿಯಂತೆ ಹೋಳಿಗೆ ಹಾಲಿನಲ್ಲಿ ಕಿವುಚಿ ತುತ್ತು ಮಾಡಿ, "ಬಾ ಇಲ್ಲೆ, ಬಾಯಿ ತಗಿ, ಇಲ್ಲಂದ್ರ ಗುಮ್ಮ ಬರ್ತಾನ" ಎಂದರು. ಶ್ರಾವಣಿ ಹೋಗಲಿಲ್ಲ. ಗಂಗವ್ವ ಮಂಜುಳಾಳ ಕಡೆ ನೋಡಿದರು. ಮಂಜುಳಾ ತನ್ನ ಎಲೆಯ ಕಡೆ ನೋಡಿದಳು. ನನ್ನ ಕೈ ಮತ್ತೆ ಜೇಬಿನ ಕಡೆ ಹೋಯಿತು.

ಶ್ರಾವಣಿ ಎದ್ದಳು. ತನ್ನ ಚಟ್ನಿಯ ಡಬ್ಬಿ ಹಿಡಿದು ಪಂಕ್ತಿಯ ಸುತ್ತ ಹೊರಟಳು. ಅಪ್ಪನ ಎಲೆಗೆ ಒಂದು ಚಿಟಿಕೆ, ಅವ್ವನ ಎಲೆಗೆ ಒಂದು, ನನಗೆ, ಆಯಿಗೆ. ಕೊನೆಗೆ ತಾನು ಅಮ್ಮ ಎಂದು ಕರೆಯುವ ಗಂಗವ್ವನ ಮುಂದೆ ಕೂತು ಅವರ ಎಲೆಯ ಅಂಚಿಗೆ ಎಚ್ಚರಿಕೆಯಿಂದ ಒಂದು ಚಿಟಿಕೆ ಇಟ್ಟಳು. ಆಮೇಲೆ ತನ್ನ ತಟ್ಟೆ ತಂದು ಅವರ ಮುಂದೆ ಹಿಡಿದು ನಿಂತಳು.

"ಏನಿದು?" ಎಂದರು ಗಂಗವ್ವ.

"ನಾ ಕೊಟ್ಟೇನಲ್ಲ ಅಮ್ಮಾ. ಈಗ ನೀ ಕೊಡು."

ಗಂಗವ್ವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅದನ್ನು ಬಾಯಿಗೆ ಹಿಡಿಯದೆ ಎಲೆಗೆ ಹಾಕಿ, ಹೊಸ ಹೋಳಿಗೆಯ ಒಂದು ತುಂಡು ಮುರಿದು, ತುಪ್ಪ ಹಚ್ಚಿ ಅವಳ ತಟ್ಟೆಗಿಟ್ಟರು. ಶ್ರಾವಣಿ ಅವರ ಪಕ್ಕದಲ್ಲೇ ಕೂತು ತಿಂದಳು. ಬೆರಳು ನೆಕ್ಕಿದಳು. ಕೋಸಂಬರಿ ತೋರಿಸಿ ಮತ್ತೆ ತಟ್ಟೆ ಚಾಚಿದಳು. ಜೇಬಿನಲ್ಲಿದ್ದ ಕಾರ್ಡನ್ನು ನಾನು ಹೊರಗೆ ತೆಗೆಯಲೇ ಇಲ್ಲ.

"ಮೂರೂವರಿ ವರ್ಷ ಆತು" ಎಂದರು ಗಂಗವ್ವ. "ಈಕಿ ಬೆನ್ನ ಹಿಂದ ಓಡೇನಿ ನಾನು. ಒಂದ ದಿನಾನೂ ನನ್ನ ಕಡೆ ಬೇಡಿ ತಿಂದಿದ್ದಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿದರು. "ಮಂಜುಳಾ, ಸೋಮವಾರ ನಿನ್ನ ಡ್ಯೂಟಿ ಎಷ್ಟಕ್ಕ?"

ಮಂಜುಳಾ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗಿಟ್ಟಳು. "ಎಂಟಕ್ಕ ಅತ್ತಿ."

"ಹಂಗಾದ್ರ ಆರಕ್ಕ ರೊಟ್ಟಿ ಬಡೀತೇನಿ. ನಿನ್ನ ಡಬ್ಬಿಗೆ ಮೂರು. ಈಕಿಗೆ ಸಣ್ಣವು ಎರಡು."